‘ಎಲ್ಲೆ ಬರ್ಪೆ’ ಎಂದವಳು ಬರಲೇ ಇಲ್ಲ



ಮದುವೆಯ ಚಪ್ಪರ ಬಿಚ್ಚಿ, ಬಾಡಿಗೆಗೆ ತಂದ ಹಂಡೆ–ಕೊಪ್ಪರಿಗೆಗಳನ್ನು ಲೆಕ್ಕಮಾಡಿ ಹಿಂದಿರುಗಿಸಿ, ಕಟ್ಟಕಡೆಯ ನೆಂಟರನ್ನು ಬಸ್ಸು ಹತ್ತಿಸಿದ ಮರುದಿನ ಸಂಸಾರವೆಂಬ ನಾಟಕದ ಮೊದಲ ಅಂಕ ಆರಂಭವಾಗುತ್ತದೆ. ಆ ಅಂಕ ನಡೆಯುವುದು ಬಚ್ಚಲಿನಲ್ಲಿ, ರಾಶಿಬಿದ್ದ ಪಾತ್ರೆಗಳ ಮುಂದೆ. “ಇದನ್ನೆಲ್ಲ ತೊಳೆಯುವವರು ಯಾರು?” ಎಂಬುದೇ ಅದರ ಮೊದಲ ಸಂಭಾಷಣೆ.

ಇಂಥ ಒಂದು ಸಂಸಾರವನ್ನು ಊಹಿಸಿಕೊಳ್ಳಬಹುದು. ಕಡಬದ ಹತ್ತಿರದ ಹಳ್ಳಿಯಲ್ಲಿ ಅಡಿಕೆ ತೋಟದ ನಡುವೆ ಹಳೆಯ ಹಂಚಿನ ಮನೆ. ಗಂಡ ಪುತ್ತೂರಿನಲ್ಲಿ ಉದ್ಯೋಗಿ. ಬೆಳಿಗ್ಗೆ ಹೋದರೆ ಮರಳುವುದು ದೀಪ ಹಚ್ಚಿದ ಮೇಲೆ. ಹೆಂಡತಿ ಮೈಸೂರಿನವಳು, ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ಕಚೇರಿಯ ಕೆಲಸ ಮಾಡುವವಳು. ತುಳು ಆಕೆಗೆ ಬಾರದು. ಮನೆಯೋ ಹದಿನೈದು ಜನರಿಗಾಗಿ ಕಟ್ಟಿದ್ದು. ಈಗ ಇರುವವರು ಇಬ್ಬರು. ಅಂಗಳ ಗುಡಿಸಿ ಮುಗಿಸುವಷ್ಟರಲ್ಲಿ ತೆಂಗಿನ ಮಡಲು ಬೀಳುತ್ತದೆ, ಜಗಲಿ ಒರೆಸಿ ಮುಗಿಸುವಷ್ಟರಲ್ಲಿ ಮಳೆ ಬರುತ್ತದೆ. ಒಬ್ಬ ಸಹಾಯಕಿ ಬೇಕೆಂಬ ತೀರ್ಮಾನಕ್ಕೆ ಬರಲು ದಂಪತಿಗಳಿಗೆ ಒಂದು ವಾರ ಸಾಕಾಯಿತು. ಅವಳನ್ನು ಹುಡುಕಲು ಒಂದು ವರ್ಷ ಸಾಲದಾಯಿತು.

ಮೊದಲು ಬಂದಾಕೆ ಮನೆಯನ್ನೆಲ್ಲ ಸುತ್ತಿ ನೋಡಿ, ಸಮಾಧಾನದಿಂದ “ಎಲ್ಲೆ ಬರ್ಪೆ” ಎಂದಳು. ಎಲ್ಲಿ ಬರಬೇಕೆಂದು ಕೇಳುತ್ತಿದ್ದಾಳೆಂದು ತಿಳಿದ ಹೊಸ ಸೊಸೆ, “ಇಲ್ಲಿಗೇ ಬನ್ನಿ, ಹಿಂದಿನ ಬಾಗಿಲಿಗೆ” ಎಂದು ಕೈತೋರಿಸಿದಳು. ತುಳುವಿನಲ್ಲಿ ‘ಎಲ್ಲೆ’ ಎಂದರೆ ನಾಳೆ. “ನಾಳೆ ಬರುತ್ತೇನೆ” ಎಂದು ಮರ್ಯಾದೆಯಿಂದ ಹೇಳಿದವಳಿಗೆ ಹಿಂದಿನ ಬಾಗಿಲು ತೋರಿಸಿದರೆ ಆಕೆ ಏನೆಂದು ತಿಳಿಯಬೇಕು? ಮರುದಿನ ಬರಲಿಲ್ಲ. ಮುಂದೆಯೂ ಬರಲಿಲ್ಲ. ಭಾಷೆಯ ತಪ್ಪೆಂದು ಗಂಡ ನಕ್ಕ. ಆದರೆ ಆ ಹಿಂದಿನ ಬಾಗಿಲಿಗೆ ಬೇರೊಂದು ಚರಿತ್ರೆಯಿದೆ. ಅದು ಮುಂದೆ ಬರುತ್ತದೆ.

ಎರಡನೆಯವಳು ಸುಳ್ಯದ ಕಡೆಯವಳು, ಪರಿಚಿತರ ಮೂಲಕ ಬಂದವಳು. ಅವಳನ್ನು ಪರೀಕ್ಷಿಸಲೆಂದು ದಂಪತಿಗಳು ಪ್ರಶ್ನೆಗಳನ್ನು ಸಿದ್ಧಮಾಡಿಕೊಂಡಿದ್ದರು. ಆದರೆ ಪ್ರಶ್ನೆ ಕೇಳಿದವಳು ಅವಳೇ. ಮನೆಯಲ್ಲಿ ಎಷ್ಟು ಜನ? ನೆಂಟರು ಎಷ್ಟು ಬರುತ್ತಾರೆ? ಮಸಾಲೆ ರುಬ್ಬುವುದು ಕಡೆಯುವ ಕಲ್ಲಿನಲ್ಲೋ, ಮಿಕ್ಸಿಯಲ್ಲೋ? ಅತ್ತೆಯವರು ಇಲ್ಲೇ ಇರುತ್ತಾರೋ, ಆಗಾಗ ಬರುತ್ತಾರೋ? ಕೊನೆಯ ಪ್ರಶ್ನೆಗೆ “ಆಗಾಗ” ಎಂಬ ಉತ್ತರ ಬಂದಾಗ ಅವಳ ಮುಖ ಸಣ್ಣದಾಯಿತು. ಬಳಿಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು: ಬಸ್ಸಿನ ದುಡ್ಡು ಇಷ್ಟು, ದಾರಿಯಲ್ಲಿ ಹೋಗುವ ಹೊತ್ತು ಇಷ್ಟು, ಅದೇ ಹೊತ್ತಿನಲ್ಲಿ ಮನೆಯ ಜಗಲಿಯಲ್ಲೇ ಕುಳಿತು ಅಡಿಕೆ ಸುಲಿದರೆ ಸಿಗುವುದು ಇಷ್ಟು. ಲೆಕ್ಕ ಕೂಡಿಬರಲಿಲ್ಲ. ಕಾಫಿ ಕುಡಿದು, ಲೋಟ ತೊಳೆದಿಟ್ಟು ಹೊರಟುಹೋದಳು.

ಮೂರನೆಯವಳು ನಿಜಕ್ಕೂ ಕೆಲಸಕ್ಕೆ ನಿಂತಳು, ಚೆನ್ನಾಗಿಯೂ ಮಾಡಿದಳು. ತೊಡಕಾದದ್ದು ಪಂಚಾಂಗದಿಂದ. ಮಾರ್ಗಶಿರದಲ್ಲಿ ಕುಕ್ಕೆಯ ಚಂಪಾಷಷ್ಠಿ, ಜನವರಿಯಲ್ಲಿ ಸುಳ್ಯದ ಚೆನ್ನಕೇಶವನ ಜಾತ್ರೆ, ಏಪ್ರಿಲಿನಲ್ಲಿ ಬಿಸು ಮತ್ತು ಪುತ್ತೂರು ಮಹಾಲಿಂಗೇಶ್ವರನ ಜಾತ್ರೆ, ನಡುನಡುವೆ ಕುಟುಂಬದ ದೈವದ ನೇಮ. ಈ ಯಾವ ದಿನವೂ ಅವಳು ಬರಲಿಲ್ಲ. “ಹೇಳದೆ ರಜೆ ಮಾಡುತ್ತಾಳೆ” ಎಂದು ಸೊಸೆ ಫೋನಿನಲ್ಲಿ ತಾಯಿಗೆ ದೂರಿದಳು. ತಾಯಿ ಕೇಳಿದ ಪ್ರಶ್ನೆ ಒಂದೇ: “ಹೇಳಿ ಮಾಡುವ ರಜೆ ಎಷ್ಟು ಕೊಟ್ಟಿದ್ದೀರಿ?” ಹಾಗೊಂದು ರಜೆಯ ಮಾತು ಆಡಿಯೇ ಇರಲಿಲ್ಲ! ಮನುಷ್ಯರು ಕೊಡದ ರಜೆಯನ್ನು ದೇವರು ಕೊಡಿಸಿದ್ದ.

ಇಂಥ ಕಥೆಗಳು ಪುತ್ತೂರು, ಸುಳ್ಯ ಮತ್ತು ಆ ಎರಡು ತಾಲ್ಲೂಕುಗಳ ಗ್ರಾಮಗಳನ್ನು ಸೇರಿಸಿ ರಚಿಸಿದ ಕಡಬ ತಾಲ್ಲೂಕಿನ ಮನೆಮನೆಗಳಲ್ಲಿ ಸಿಗುತ್ತವೆ. ಮದುವೆ ಮನೆಯಲ್ಲಿ ನಾಲ್ವರು ಸೇರಿದರೆ ಅಡಿಕೆಯ ಧಾರಣೆಯ ನಂತರ ಬರುವ ಮಾತೇ ಇದು. ಕೊನೆಗೆ ಹಿರಿಯರೊಬ್ಬರು ನಿಟ್ಟುಸಿರು ಬಿಟ್ಟು, “ಮೊದಲು ಹೀಗಿರಲಿಲ್ಲ, ಕರೆಯದಿದ್ದರೂ ಜನ ಬಂದು ನಿಲ್ಲುತ್ತಿದ್ದರು” ಎನ್ನುತ್ತಾರೆ. ಈ ಮಾತು ಸುಳ್ಳಲ್ಲ. ಆದರೆ ಏಕೆ ಬಂದು ನಿಲ್ಲುತ್ತಿದ್ದರು ಎಂದು ಕೇಳಿಕೊಂಡವರು ಕಡಿಮೆ.

ಫ್ರಾನ್ಸಿಸ್ ಬುಕನನ್ 1801ರಲ್ಲಿ ಕೆನರಾ ಸೀಮೆಯಲ್ಲಿ ಸಂಚರಿಸಿದಾಗ, ತುಳುನಾಡಿನಲ್ಲಿ ಜಮೀನಿನೊಡನೆ ಬಂಧಿತರಾಗಿದ್ದ ದುಡಿಯುವ ಜನರನ್ನು ಕಂಡು ಬರೆದಿಟ್ಟ. ಅವರು ಒಡೆಯನ ಆಸ್ತಿ. 1843ರ ಕಾಯಿದೆಯಿಂದ ಗುಲಾಮಗಿರಿಗೆ ಕಾನೂನಿನ ಮಾನ್ಯತೆ ತಪ್ಪಿತು. ಆದರೆ ಸಾಲ ಎಂಬ ಹಗ್ಗ ಹಾಗೆಯೇ ಉಳಿಯಿತು. ಪುತ್ತೂರಿನಲ್ಲೇ ಬಹುಕಾಲ ನೆಲೆಸಿದ್ದ ಶಿವರಾಮ ಕಾರಂತರು ‘ಚೋಮನ ದುಡಿ’ಯಲ್ಲಿ ಚಿತ್ರಿಸಿದ್ದು ಇದನ್ನೇ. ಸಾಲ ತೀರಿಸಲು ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗಬೇಕಾಗುತ್ತದೆ. ಸ್ವಂತ ಬೇಸಾಯ ಎಂಬುದು ಕೊನೆಯವರೆಗೂ ಕನಸಾಗಿಯೇ ಉಳಿಯುತ್ತದೆ. ಅಂಥವರು “ಕರೆಯದಿದ್ದರೂ” ಬರದೆ ಇರಲು ಸಾಧ್ಯವಿತ್ತೇ?

ಗೇಣಿ ಒಕ್ಕಲುಗಳ ಪಾಡು ಇದಕ್ಕಿಂತ ಸ್ವಲ್ಪ ಮೇಲು. ಆದರೂ ಗೇಣಿ ಅಳೆದುಕೊಟ್ಟ ಮೇಲೆ ಧಣಿಗಳ ಮನೆಯಲ್ಲಿ ಮದುವೆ, ಮುಂಜಿ, ತಿಥಿ ಬಂದರೆ ಒಕ್ಕಲಿನ ಹೆಂಗಸರು ಅಂಗಳ ಸಾರಿಸಬೇಕು, ಭತ್ತ ಕುಟ್ಟಬೇಕು, ಸೌದೆ ಹೊರಬೇಕು. ಕೂಲಿಯ ಮಾತಿಲ್ಲ, ಅದು ಬಿಟ್ಟಿ ಚಾಕರಿ. ಒಲ್ಲೆನೆಂದರೆ ಮುಂದಿನ ವರ್ಷ ಗದ್ದೆ ಕೈಯಲ್ಲಿ ಉಳಿಯುವ ಭರವಸೆಯಿಲ್ಲ. ಅದರ ಮೇಲೆ ಆಟಿ ತಿಂಗಳು. ಮಳೆ ಬಿಡದು, ಕೆಲಸವಿಲ್ಲ, ಭತ್ತದ ತುಪ್ಪೆ ಬರಿದು. ಆ ದಿನಗಳಲ್ಲಿ ಒಂದು ಹೊತ್ತಿನ ಗಂಜಿಗಾಗಿ ಯಾರು ಯಾವ ಕೆಲಸಕ್ಕೂ ಒಪ್ಪುತ್ತಿದ್ದರು. ಆ ಗಂಜಿಯೂ ಹಿಂದಿನ ಬಾಗಿಲಿನ ಹೊರಗೆ. ಕೆಲವು ಜಾತಿಯವರಿಗೆ ಚಹಾವನ್ನು ಹೊಯ್ಯುತ್ತಿದ್ದದ್ದು ತೆಂಗಿನ ಗೆರಟೆಗೆ. ಜನ ಸುಲಭವಾಗಿ ಸಿಗುತ್ತಿದ್ದರು ಎಂಬ ನೆನಪಿನ ಇನ್ನೊಂದು ಮುಖ ಹಸಿವು.

ಇನ್ನು ಮನೆಯೊಳಗಿನ ಕೆಲಸ. ಮಡಿ–ಮೈಲಿಗೆಯ ಮನೆಗಳಲ್ಲಿ ಅಡುಗೆಮನೆಗೆ ಆಳುಗಳ ಪ್ರವೇಶವೇ ಇರಲಿಲ್ಲ. ಹಾಗಾದರೆ ಹದಿನೈದು ಜನರ ಅಡುಗೆ, ರುಬ್ಬುವಿಕೆ, ಮುಸುರೆ ಯಾರಿಂದ ಸಾಗುತ್ತಿತ್ತು? ಮೂವರು ಸೊಸೆಯಂದಿರು, ಚಿಕ್ಕಂದಿನಲ್ಲೇ ವಿಧವೆಯಾಗಿ ತವರಿಗೆ ಮರಳಿದ ಅತ್ತೆಯೊಬ್ಬಳು, ಗತಿಯಿಲ್ಲದೆ ಆಶ್ರಯಕ್ಕೆ ಬಂದ ದೂರದ ನೆಂಟಳೊಬ್ಬಳು. ಇವರಿಗೆ ಸಂಬಳವಿಲ್ಲ, ರಜೆಯಿಲ್ಲ. ‘ಕೆಲಸದವರು’ ಎಂಬ ಹೆಸರೂ ಇಲ್ಲ, ಆದ್ದರಿಂದ ಲೆಕ್ಕಕ್ಕೇ ಇಲ್ಲ. ಹಳೆಯ ಮನೆ ಹೊರಗಿನವರ ಬಿಟ್ಟಿ ಹಾಗೂ ಒಳಗಿನವರ ಮೌನ ಎಂಬ ಎರಡು ಕಂಬಗಳ ಮೇಲೆ ನಿಂತಿತ್ತು.

ಈ ಎರಡೂ ಕಂಬಗಳು ಅಲುಗಾಡಿದ್ದು ಹೆಚ್ಚುಕಡಿಮೆ ಒಂದೇ ತಲೆಮಾರಿನಲ್ಲಿ. ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ, 1974ರ ಮಾರ್ಚ್ 1ರಂದು ತಿದ್ದುಪಡಿಯಾದ ಭೂಸುಧಾರಣಾ ಕಾಯಿದೆ ಜಾರಿಗೆ ಬಂತು. ಉಳುವವನೇ ಹೊಲದೊಡೆಯನಾದ. ದಕ್ಷಿಣ ಕನ್ನಡ ಈ ಕಾಯಿದೆ ಬಹಳ ಬಿರುಸಾಗಿ ಜಾರಿಯಾದ ಜಿಲ್ಲೆಗಳಲ್ಲೊಂದು. 1976ರಲ್ಲಿ ಜೀತ ನಿರ್ಮೂಲನ ಕಾಯಿದೆ ಬಂತು. ಗದ್ದೆ ಸ್ವಂತದ್ದಾದ ಮೇಲೆ ಧಣಿಯ ಅಂಗಳ ಸಾರಿಸುವ ಅಗತ್ಯ ಉಳಿಯಲಿಲ್ಲ.

ಇದರ ಜೊತೆಗೆ ದುಡಿಮೆಯ ಬೇರೆ ದಾರಿಗಳೂ ತೆರೆದವು. ಅವುಗಳಲ್ಲಿ ಮುಖ್ಯವಾದದ್ದು ಬೀಡಿ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯು ಮನೆಯಲ್ಲೇ ಕುಳಿತು ಬೀಡಿ ಕಟ್ಟುವವಳನ್ನೂ ಕಾರ್ಮಿಕಳೆಂದು ಒಪ್ಪಿಕೊಂಡಿತು. ಮಾಲೀಕರು ಅದನ್ನು ಪ್ರಶ್ನಿಸಿದಾಗ 1974ರಲ್ಲಿ ಸುಪ್ರೀಂ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. ಸಾವಿರ ಬೀಡಿಗೆ ಇಷ್ಟು ಎಂಬ ಮಜೂರಿ, ಭವಿಷ್ಯನಿಧಿ ಇವೆಲ್ಲ ಬಂದವು. ಅದಕ್ಕಿಂತ ಹೆಚ್ಚಾಗಿ, “ಏ ಇವಳೇ” ಎಂದು ಕರೆಯುವವರಿಲ್ಲದ ಸ್ವಂತ ಜಗಲಿ! ಇಂದು ಬೀಡಿ ಉದ್ಯಮ ಕುಗ್ಗಿದೆ ನಿಜ. ಆದರೆ ಆ ಜಗಲಿಯ ರುಚಿ ಕಂಡ ತಾಯಂದಿರ ಮಕ್ಕಳು ಪರರ ಮುಸುರೆಗೆ ಸುಲಭವಾಗಿ ಮರಳುವವರಲ್ಲ. 1964ರ ಭಾರತ–ಸಿಲೋನ್ ಒಪ್ಪಂದದಂತೆ ಬಂದ ತಮಿಳು ಕುಟುಂಬಗಳಿಗೆ ಸುಳ್ಯ–ಪುತ್ತೂರು ಭಾಗದಲ್ಲಿ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳು ನೆಲೆಯಾದವು. 1973ರಲ್ಲಿ ಕ್ಯಾಂಪ್ಕೋ ಹುಟ್ಟಿತು, 1986ರಲ್ಲಿ ಪುತ್ತೂರಿನಲ್ಲಿ ಅದರ ಚಾಕೊಲೇಟ್ ಕಾರ್ಖಾನೆ ಬಂತು. ಗೇರುಬೀಜದ ಕಾರ್ಖಾನೆ, ಜವಳಿ ಅಂಗಡಿ, ಆಸ್ಪತ್ರೆ, ಶಾಲೆ – ದುಡಿಯುವ ಹೆಣ್ಣಿಗೆ ಆಯ್ಕೆ ಎಂಬುದು ಬಂತು. ತೋಟದ ಕೆಲಸಕ್ಕೆ ಈಗ ಜಾರ್ಖಂಡ್, ಅಸ್ಸಾಮುಗಳಿಂದ ಬಂದವರನ್ನೂ ಕಾಣಬಹುದು.

ಹಾಗಿದ್ದ ಮೇಲೆ, ಒಳ್ಳೆಯ ಕೆಲಸದವರು ಸಿಗುವುದಿಲ್ಲ ಎಂಬ ದೂರು ವಾಸ್ತವವಾಗಿ ಒಂದು ಶುಭ ಸಮಾಚಾರ. ಬಂದೇ ಬರಬೇಕಾದವರು ಇಂದು ಬಾರದೆ ಇರಬಲ್ಲರು ಎಂಬುದೇ ಅದರ ಅರ್ಥ.

ಈ ಮಾತಿಗೆ ಪುರಾಣದ ಒಂದು ಸಾಕ್ಷಿ ಇದೆ. ತಾಳಮದ್ದಳೆ, ಯಕ್ಷಗಾನಗಳಿಂದಾಗಿ ಈ ಸೀಮೆಯ ಜನರಿಗೆ ಚಿರಪರಿಚಿತವಾದದ್ದು. ಅಜ್ಞಾತವಾಸದಲ್ಲಿ ಪಾಂಡವರು ವಿರಾಟನ ಅರಮನೆಗೆ ಕೆಲಸ ಕೇಳಿಕೊಂಡು ಹೋಗುತ್ತಾರೆ. ಹಿಂದೆ ಎಲ್ಲಿದ್ದಿರಿ ಎಂದರೆ, “ಯುಧಿಷ್ಠಿರನ ಮನೆಯಲ್ಲಿ” ಎನ್ನುತ್ತಾರೆ. ತಮ್ಮ ಮನೆಯದೇ ಶಿಫಾರಸು! ಭೀಮ ಅಡುಗೆಯವನಾದ. ದ್ರೌಪದಿ ಸೈರಂಧ್ರಿಯಾಗಿ ರಾಣಿ ಸುದೇಷ್ಣೆಯ ಮುಂದೆ ನಿಂತಳು. ಇಷ್ಟು ಚೆಲುವೆಯನ್ನು ಮನೆಗೆ ಸೇರಿಸಿಕೊಂಡರೆ ಗಂಡನ ಗತಿಯೇನೆಂಬುದು ರಾಣಿಯ ಚಿಂತೆ. ಸೈರಂಧ್ರಿ ಸಂಬಳದ ಮಾತೆತ್ತಲಿಲ್ಲ. ಆಕೆಯ ಷರತ್ತುಗಳು ಬೇರೆ: ಎಂಜಲು ಕೊಡಬಾರದು, ಕಾಲು ತೊಳೆಯಿಸಬಾರದು. ರಾಣಿ ಒಪ್ಪಿದಳು. ಆದರೆ ಕೊನೆಗೆ ಅದೇ ರಾಣಿ, ಕೀಚಕನ ಮನಸ್ಸನ್ನು ತಿಳಿದೂ ಪಾನೀಯ ತರಲೆಂದು ಅವಳನ್ನು ಅವನ ಬಿಡಾರಕ್ಕೆ ಕಳುಹಿಸಿದಳು. ಸಭೆಯಲ್ಲಿ ದೂರಿಕೊಂಡರೂ ನ್ಯಾಯ ಸಿಗಲಿಲ್ಲ. ಕೀಚಕವಧೆ ಪ್ರಸಂಗವನ್ನು ಬೆಳಗಿನವರೆಗೆ ನೋಡಿ ಕಣ್ಣೀರು ಹಾಕಿದವರು, ಮನೆಗೆ ಮರಳಿ ಕೆಲಸದಾಕೆಗೆ ನಿನ್ನೆಯ ಸಾರು ಹಾಕಿ ಕೊಟ್ಟರೆ ಪ್ರಸಂಗ ಅರ್ಥವಾಗಿಲ್ಲವೆಂದೇ ಲೆಕ್ಕ.

ಸೈರಂಧ್ರಿಯ ಷರತ್ತುಗಳಿಗೆ ಕಾನೂನಿನ ಬಲ ಬರಲು ಬಹಳ ಕಾಲ ಹಿಡಿಯಿತು. ಕರ್ನಾಟಕ ಸರ್ಕಾರ 2004ರಲ್ಲಿ ಮನೆಗೆಲಸಕ್ಕೂ ಕನಿಷ್ಠ ವೇತನವನ್ನು ಗೊತ್ತುಮಾಡಿತು. 2006ರ ಅಕ್ಟೋಬರಿನಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧವಾಯಿತು. ಅದಕ್ಕೆ ಮುಂಚೆ “ಓದಿಸುತ್ತೇವೆ” ಎಂದು ಕರೆತಂದು ಮಗು ಆಡಿಸಲು ಇಟ್ಟುಕೊಂಡ ಹುಡುಗಿಯರು ಎಷ್ಟೋ. 2013ರಲ್ಲಿ ಬಂದ ಲೈಂಗಿಕ ಕಿರುಕುಳ ತಡೆ ಕಾಯಿದೆ ಮನೆಯನ್ನೂ ಕೆಲಸದ ಸ್ಥಳವೆಂದು ಗಣಿಸಿತು. ಇಂದಿನ ಕೀಚಕರಿಗೆ ಭೀಮನನ್ನು ಕಾಯಬೇಕಾಗಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಮನೆಗೆಲಸದವರಿಗಾಗಿಯೇ 189ನೆಯ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತ ಅದನ್ನು ಇನ್ನೂ ಸ್ಥಿರೀಕರಿಸಿಲ್ಲ. ಆದರೆ ಅಡುಗೆಮನೆಯ ಬಾಗಿಲಿಗೆ ಇನ್‌ಸ್ಪೆಕ್ಟರು ಬರುವುದು ಅಪರೂಪ. ಅಲ್ಲಿ ಕಾನೂನು ನಡೆಯುವುದು ಮನೆಯವರ ಮನಸ್ಸಾಕ್ಷಿಯ ಮೂಲಕವೇ.

ಆ ದಂಪತಿಗಳ ಕಥೆಗೆ ಮರಳಿದರೆ, ಅವರಿಗೆ ದಾರಿ ತೋರಿಸಿದ್ದು ತಾಯಿಯ ಪ್ರಶ್ನೆಯೇ. ಜಾತ್ರೆಗೆ ಹೋಗಿದ್ದ ಮೂರನೆಯವಳನ್ನು ಜಗಲಿಯಲ್ಲಿ ಕೂರಿಸಿ ಮೂವರೂ ಮಾತನಾಡಿದರು. ಕೆಲಸ ಎಷ್ಟು ಗಂಟೆ, ಯಾವ ಕೆಲಸ, ಸಂಬಳ ಯಾವ ತಾರೀಕಿಗೆ, ವಾರಕ್ಕೊಂದು ರಜೆ, ಜಾತ್ರೆಗಳಿಗೆ ಮೊದಲೇ ಹೇಳಿದ ರಜೆ, ಕಾಯಿಲೆ ಬಿದ್ದರೆ ಸಂಬಳ ಕಡಿತವಿಲ್ಲ. ಊಟ ಮನೆಯವರದೇ ಬಿಸಿ ಊಟ, ಅವರದೇ ತಟ್ಟೆಯಲ್ಲಿ. ಇದರಿಂದ ಮನೆಗೆಲಸವೆಲ್ಲ ಮುಗಿಯಲಿಲ್ಲ. ದಿನಕ್ಕೆ ಎರಡು ಗಂಟೆಗಷ್ಟೇ ಸಹಾಯ ಸಿಕ್ಕಿತು. ಉಳಿದದ್ದನ್ನು ಹಂಚಿಕೊಳ್ಳಬೇಕಾಯಿತು. ರಾತ್ರಿಯ ಪಾತ್ರೆ ಗಂಡನ ಪಾಲಿಗೆ ಬಂತು. ಆರಂಭದಲ್ಲಿ ಕಿಟಕಿ ಮುಚ್ಚಿ ತೊಳೆಯುತ್ತಿದ್ದ. ಯಾರಾದರೂ ಕಂಡಾರೆಂಬ ನಾಚಿಕೆ. ಈಗ ಕಿಟಕಿ ತೆರೆದೇ ಇರುತ್ತದೆ. ಹದಿನೈದು ಜನರ ಮನೆಯ ಅರ್ಧ ಕೋಣೆಗಳಿಗೆ ಬೀಗ ಬಿತ್ತು. ಗುಡಿಸಲಾಗದ ಕೋಣೆಯನ್ನು ಗುಡಿಸಲು ಇನ್ನೊಬ್ಬರನ್ನು ಹುಡುಕುವುದಕ್ಕಿಂತ ಅದು ಸುಲಭವಾಗಿತ್ತು.

ಸಹಾಯಕಿ ಈಗ ಬರುವುದು ಮುಂದಿನ ಬಾಗಿಲಿನಿಂದ. ಹೊರಡುವಾಗ “ಎಲ್ಲೆ ಬರ್ಪೆ” ಎನ್ನುತ್ತಾಳೆ. ತುಳು ಕಲಿಯುತ್ತಿರುವ ಸೊಸೆಗೆ ಆ ಮಾತು ಈಗ ಅರ್ಥವಾಗುತ್ತದೆ. ನಾಳೆ ಬರುತ್ತೇನೆಂದು ಹೇಳುವವಳಿಗೆ ನಾಳೆ ಬಾರದಿರುವ ಸ್ವಾತಂತ್ರ್ಯವೂ ಇದೆ ಎಂಬುದೂ ಅರ್ಥವಾಗಿದೆ. ಹಾಗಿದ್ದೂ ಅವಳು ಮರುದಿನ ಬಂದರೆ, ಆ ಮನೆ ಕೆಲಸ ಮಾಡಲು ಯೋಗ್ಯವಾಗಿದೆ ಎಂದು ಅರ್ಥ.