ಬಿಸಿಲಿನ ಕಲ್ಲುತೋಟಕ್ಕೆ ಒಂದು ಹೂವು



ಯೂರೋಪಿನ ಬೆಟ್ಟಸೀಮೆಗಳಲ್ಲಿ, ಬಿಸಿಲಿಗೆ ಮೈಯೊಡ್ಡಿದ ಸುಣ್ಣಗಲ್ಲಿನ ಸಂದುಗಳಲ್ಲಿ ಬೆಳೆಯುವ ಕಿರುಪೊದೆಯೊಂದುಂಟು. ಕಲ್ಲುಗುಲಾಬಿಯೆಂದು ಅದರ ಹೆಸರು. ಆದರೆ ಅದು ಗುಲಾಬಿಯ ಕುಲಕ್ಕೆ ಸೇರಿದುದಲ್ಲ. ‘ಹೆಲಿಯಾಂಥೆಮಮ್’ ಎಂಬ ಅದರ ಶಾಸ್ತ್ರೀಯ ನಾಮಕ್ಕೆ ಗ್ರೀಕ್ ಭಾಷೆಯಲ್ಲಿ ಸೂರ್ಯಪುಷ್ಪವೆಂಬ ಅರ್ಥವಿದೆ. ಅದರ ಹೂವು ಬಿಸಿಲೇರಿದಾಗ ಅರಳಿ ಒಂದೇ ದಿನದಲ್ಲಿ ಉದುರುತ್ತದೆ. ಮರುದಿನ ಬೇರೊಂದು ಮೊಗ್ಗು ಬಿರಿಯುತ್ತದೆ.

ಇಂತಹ ಗಿಡವನ್ನು ನಮ್ಮಲ್ಲಿಯೂ ಬೆಳೆಸಬೇಕೆಂಬ ಆಸೆ ಸಹಜವಾದುದೇ. ಆದರೆ ಅದು ತಂಪುನಾಡಿನ ಬಿಸಿಲನ್ನು ಬಲ್ಲ ಗಿಡ. ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ರೈಲುದಾರಿಯಲ್ಲಿ, ಇಂಡಿ ತಾಲ್ಲೂಕಿನಲ್ಲಿ, ಲಚ್ಯಾಣವೆಂಬ ಊರಿದೆ. ಆ ಸೀಮೆಯ ಎರೆಮಣ್ಣು ಬೇಸಗೆಯಲ್ಲಿ ಬಿರುಕುಬಿಡುತ್ತದೆ. ಮಳೆ ಬಂದರೆ ಉಬ್ಬಿ ನೀರನ್ನು ಹಿಡಿದಿಡುತ್ತದೆ. ಅಲ್ಲಿ ಪರದೇಶದ ಗಿಡವೊಂದರ ಪ್ರಾಣವುಳಿಸಲು ಕುಡಿಯುವ ನೀರನ್ನು ಸುರಿಯುವುದು ವಿವೇಕವಲ್ಲ.

ಅದಕ್ಕೆ ಬದಲಾಗಿ ನಮ್ಮ ಹಿತ್ತಿಲ ಕಾಶಿಕಣಗಿಲೆಯನ್ನು ನೋಡಿರಿ. ಇದನ್ನೇ ನಿತ್ಯಪುಷ್ಪವೆನ್ನುವರು. ಇದರ ತವರು ಮಡಗಾಸ್ಕರ್ ದ್ವೀಪ. ಆದರೂ ಇದು ನಮ್ಮ ಬಿಸಿಲಿಗೆ ಒಗ್ಗಿ, ಹಾಳುಗೋಡೆಯ ಸಂದಿನಲ್ಲಿಯೂ ತಾನಾಗಿಯೇ ಬೆಳೆಯುತ್ತದೆ. ಐದು ಎಸಳಿನ ಗುಲಾಬಿವರ್ಣದ ಹೂವು ವರ್ಷದ ಬಹುಭಾಗ ಗಿಡದ ಮೇಲೆ ಇದ್ದೇ ಇರುತ್ತದೆ.

ಈ ಗಿಡಕ್ಕೆ ಬಾಯಾರಿಕೆಗಿಂತ ಬೇರಿನಲ್ಲಿ ನಿಂತ ನೀರೇ ಹೆಚ್ಚಿನ ಶತ್ರು. ಆದುದರಿಂದ ಎರೆಮಣ್ಣಿನ ಮೇಲೆ ಒಂದೂವರೆ ಅಡಿ ಎತ್ತರಕ್ಕೆ ಗರಸು, ಕಲ್ಲುಚೂರು, ಮರಳುಗಳ ದಿಬ್ಬವನ್ನು ಕಟ್ಟಬೇಕು. ಕರಿಗಲ್ಲುಗಳನ್ನು ಮೂರನೆಯ ಒಂದು ಭಾಗ ಹೂತು, ಒಳಕ್ಕೆ ತುಸು ಓರೆಯಾಗಿ ನಿಲ್ಲಿಸಬೇಕು. ಕತ್ತಲಿನಲ್ಲಿ ಬೀಜ ಚೆನ್ನಾಗಿ ಮೊಳೆಯುವುದರಿಂದ ಅದರ ಮೇಲೆ ತೆಳುವಾಗಿ ಮಣ್ಣು ಮುಚ್ಚಬೇಕು. ಸಸಿ ಬೇರೂರುವವರೆಗೆ ಮಿತವಾಗಿ ನೀರೆರೆದರೆ ಸಾಕು. ಗೊಬ್ಬರದ ಅತಿಯಾದ ಉಪಚಾರವೂ ಬೇಡ.

ಒಂದು ಎಚ್ಚರಿಕೆಯ ಮಾತು. 1950ರ ದಶಕದಲ್ಲಿ ಕೆನಡಾದ ನೋಬಲ್ ಮತ್ತು ಬಿಯರ್ ಎಂಬ ವಿಜ್ಞಾನಿಗಳು ಈ ಗಿಡದಿಂದ ವಿನ್‌ಬ್ಲಾಸ್ಟಿನ್ ಎಂಬ ಸತ್ತ್ವವನ್ನು ಬೇರ್ಪಡಿಸಿದರು. ಇದರಿಂದಲೇ ದೊರೆತ ವಿನ್‌ಕ್ರಿಸ್ಟಿನ್ ಮಕ್ಕಳ ರಕ್ತದ ಕ್ಯಾನ್ಸರಿನ ಚಿಕಿತ್ಸೆಗೆ ಬಳಕೆಯಾಗುತ್ತಿದೆ. ಆದರೆ ಔಷಧವಾಗುವ ವಸ್ತುವೇ ಅಳತೆ ತಪ್ಪಿದರೆ ವಿಷ. ಇದರ ಎಲೆಯನ್ನು ಜಗಿಯುವುದಾಗಲಿ, ಕಷಾಯ ಮಾಡಿ ಕುಡಿಯುವುದಾಗಲಿ ಸರ್ವಥಾ ಕೂಡದು.

ಉದ್ಯಾನವೆಂದರೆ ನೆಲದೊಡನೆ ಹೋರಾಟವಲ್ಲ, ನೆಲದೊಡನೆ ಸ್ನೇಹ. ಯಾವ ಹೂವು ನಮಗೆ ಬೇಕೆಂದು ಕೇಳುವ ಮೊದಲು, ನಮ್ಮ ನೆಲಕ್ಕೆ ಯಾವ ಹೂವು ಒಪ್ಪೀತೆಂದು ಕೇಳೋಣ.