ಕ್ಯಾನ್ಸರ್ ಮತ್ತು ದಾಂಪತ್ಯ: ಕೇಳದೆ ಉಳಿದ ಪ್ರಶ್ನೆ



ಇವತ್ತಿನ ಮಾತು ಸ್ವಲ್ಪ ಸಂಕೋಚದ್ದು. ಮನೆಯಲ್ಲಿ ಮಕ್ಕಳು, ಹಿರಿಯರು ಎದುರಿಗಿದ್ದರೆ ರೇಡಿಯೋ ದನಿ ತುಸು ತಗ್ಗಿಸಿಕೊಳ್ಳಿ. ಆದರೆ ದಯವಿಟ್ಟು ಆಫ್ ಮಾಡಬೇಡಿ.

ಕೆಲವು ತಿಂಗಳ ಹಿಂದೆ ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಸ್ತನ ಕ್ಯಾನ್ಸರ್ ಬಗ್ಗೆ ವೈದ್ಯರೊಬ್ಬರ ಜೊತೆ ಫೋನ್-ಇನ್ ಇತ್ತು. ಕಾರ್ಯಕ್ರಮ ಮುಗಿದು, ಮೈಕ್ ಆಫ್ ಆಗಿ, ನಾನು ಹೆಡ್‌ಫೋನ್ ತೆಗೆದಿಡುತ್ತಿದ್ದಾಗ ಇನ್ನೊಂದು ಕರೆ ಬಂತು. "ಮೇಡಂರೀ, ಪ್ರೋಗ್ರಾಂ ಮುಗೀತಲ್ರಿ? ಈಗ ನನ್ನ ಮಾತು ಯಾರಿಗೂ ಕೇಳಿಸೂದಿಲ್ಲಲ್ರಿ?" ಎಂದು ಎರಡೆರಡು ಸಲ ಖಾತ್ರಿ ಮಾಡಿಕೊಂಡರು. ವಿಜಯಪುರದ ಕಡೆಯವರು, ಈಗ ಮುಂಬಯಿಯ ಉಪನಗರದಲ್ಲಿ ಒಂದು ಖೋಲಿಯ ಸಂಸಾರ. ಹೆಂಡತಿಗೆ ಒಂದು ಸ್ತನ ತೆಗೆದಿದ್ದಾರೆ. ಕೀಮೋ ಆಗಿದೆ, ರೇಡಿಯೇಶನ್ ಆಗಿದೆ. ಬಹಳ ಹೊತ್ತು ಮಾತ್ರೆ, ಊಟ, ರಿಪೋರ್ಟು ಎಂದು ಸುತ್ತಿ ಬಳಸಿ ಮಾತಾಡಿ ಕಡೆಗೆ ಕೇಳಿದರು: "ಆಕಿ ಬಾಜೂಕ ನಾ ಮಲಗಬಹುದೇನ್ರಿ?"

8 ತಿಂಗಳಿಂದ ಆ ಮನುಷ್ಯ ಅಡುಗೆ ಕಟ್ಟೆಯ ಪಕ್ಕ ಚಾಪೆ ಹಾಸಿಕೊಂಡು ಮಲಗುತ್ತಿದ್ದರು. ನಿದ್ದೆಯಲ್ಲಿ ಕೈ ತಗುಲಿ ಆಕೆಗೆ ನೋವಾದೀತು ಎಂಬ ಹೆದರಿಕೆ. 'ಕರೆಂಟ್' ಕೊಟ್ಟ ಮೈ, ಹೆಚ್ಚುಕಡಿಮೆ ಆದೀತು ಎಂಬ ಹೆದರಿಕೆ. ಪಕ್ಕದಲ್ಲೇ ಇದ್ದ ವೈದ್ಯರು ಫೋನ್ ತೆಗೆದುಕೊಂಡು, "ಇವತ್ತೇ ಮಲಗಿ, ಏನೂ ಆಗುವುದಿಲ್ಲ" ಎಂದರು.

ಮುಂದಿನ ವಾರ ಆ ತಾಯಿಯೇ ಫೋನ್ ಮಾಡಿದರು. "ನನ್ನ ಕಂಡ್ರ ಹೇಸಿಗಿ ಬಂದೈತಿ, ಅದಕ್ಕ ದೂರ ಮಲಗತಾರ ಅಂತ ತಿಳಕೊಂಡಿದ್ನಿರಿ. ಅಂಜಿಕಿಗೆ ಅಂತ ನನಗೇನ ಗೊತ್ತ?"

ಗುರುತು ಸಿಗದಂತೆ ಹೇಳಿ, ನಾಲ್ಕು ಜನಕ್ಕೆ ಉಪಯೋಗವಾಗಲಿ ಎಂದು ಇಬ್ಬರೂ ಒಪ್ಪಿದ್ದರಿಂದ ಹೇಳುತ್ತಿದ್ದೇನೆ. ಒಬ್ಬರ ಕಾಳಜಿ ಇನ್ನೊಬ್ಬರಿಗೆ ತಿರಸ್ಕಾರವಾಗಿ ಕಂಡಿತು. ನಡುವೆ ಇದ್ದದ್ದು ಆರಡಿ ಜಾಗ, ಮತ್ತು ಕೇಳದೆ ಉಳಿದ ಒಂದು ಪ್ರಶ್ನೆ.

ನಾನು ಕನ್ನಡ ಬಿ.ಎ. ಓದಿದವಳು, ವೈದ್ಯೆಯಲ್ಲ. ಆದರೆ ಆ ಕರೆಯ ನಂತರ ಕ್ಯಾನ್ಸರ್ ತಜ್ಞರನ್ನೂ ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯರನ್ನೂ ಕೇಳಿ ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಹೆದರಿಕೆಗಳನ್ನು ನೋಡೋಣ. ಕ್ಯಾನ್ಸರ್ ಅಂಟುರೋಗವಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ, ಅಪ್ಪಿಕೊಂಡರೆ, ಮುತ್ತಿಟ್ಟರೆ, ಗಂಡ ಹೆಂಡತಿ ಕೂಡಿದರೆ ಅದು ಹರಡುವುದಿಲ್ಲ. ಹೊರಗಿನ ಯಂತ್ರದಿಂದ ರೇಡಿಯೇಶನ್ ಪಡೆದವರ ಮೈಯಲ್ಲಿ ವಿಕಿರಣ ಉಳಿಯುವುದಿಲ್ಲ; ಅದೇ ಸಂಜೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಹುದು. ಆದರೆ ಥೈರಾಯ್ಡ್ ಕ್ಯಾನ್ಸರಿಗೆ ವಿಕಿರಣದ ಅಯೋಡಿನ್ ಕುಡಿದವರು ವೈದ್ಯರು ಹೇಳಿದಷ್ಟು ದಿನ ದೂರ ಇರಬೇಕು.

ಗರ್ಭಕೊರಳಿನ ಕ್ಯಾನ್ಸರ್ ಬಗ್ಗೆ ಒಂದು ಮಾತು ಬಿಡಿಸಿ ಹೇಳಬೇಕು. ಅದಕ್ಕೆ ಕಾರಣವಾಗುವ ಎಚ್‌ಪಿವಿ ಎಂಬ ವೈರಸ್ ದೇಹ ಸಂಪರ್ಕದಿಂದ ಬರುತ್ತದೆ, ನಿಜ. ಇದನ್ನು ಅರ್ಧ ಕೇಳಿಸಿಕೊಂಡು ಎಷ್ಟೋ ಮನೆಗಳಲ್ಲಿ ಅನುಮಾನ ಹೊಗೆಯಾಡಿದೆ. ಆದರೆ ಆ ವೈರಸ್ ಬಹಳ ಸಾಮಾನ್ಯವಾದದ್ದು, ಹೆಚ್ಚಿನವರಲ್ಲಿ ತಾನಾಗಿಯೇ ಹೋಗಿಬಿಡುತ್ತದೆ. ಕೆಲವರಲ್ಲಿ ಉಳಿದುಕೊಂಡು ಕ್ಯಾನ್ಸರ್ ಆಗಲು ಹತ್ತಾರು ವರ್ಷ ಹಿಡಿಯಬಹುದು. ಯಾರಿಂದ, ಯಾವಾಗ ಬಂತು ಎಂದು ಹೇಳಲಾಗದು. ಹೆಂಡತಿಯ ನಡತೆಗಾಗಲಿ ಗಂಡನ ನಡತೆಗಾಗಲಿ ಆ ರಿಪೋರ್ಟು ಸಾಕ್ಷಿಯಲ್ಲ.

ಹಾಗಾದರೆ ಎಚ್ಚರಿಕೆ ಬೇಡವೇ? ಬೇಕು. ಕೀಮೋ ಕೊಟ್ಟ ನಂತರ ಕೆಲವು ದಿನ ಔಷಧದ ಅಂಶ ದೇಹದ ದ್ರವಗಳಲ್ಲಿ ಇರಬಹುದು. ಆ ದಿನಗಳಲ್ಲಿ ಕಾಂಡೋಮ್ ಬಳಸಬೇಕು. ಮುಟ್ಟು ನಿಂತಿದ್ದರೂ ಗರ್ಭ ನಿಲ್ಲುವ ಸಾಧ್ಯತೆ ಇರುತ್ತದೆ. ಚಿಕಿತ್ಸೆಯ ಅವಧಿಯಲ್ಲೂ ನಂತರ ವೈದ್ಯರು ಹೇಳುವಷ್ಟು ಕಾಲವೂ ಅದನ್ನು ತಪ್ಪಿಸಬೇಕು. ರಕ್ತದಲ್ಲಿ ಬಿಳಿಕಣ, ಪ್ಲೇಟ್‌ಲೆಟ್ ಕಡಿಮೆ ಇದ್ದಾಗ, ಆಪರೇಷನ್ ಗಾಯ ಮಾಗದಿದ್ದಾಗ, ರಕ್ತಸ್ರಾವ ಇದ್ದಾಗ ಕಾಯಬೇಕು. ಇನ್ನು ಮಕ್ಕಳಾಗಬೇಕಾದ ಎಳೆಯ ಜೋಡಿಗಳು ಕೀಮೋ ಶುರುವಾಗುವ ಮೊದಲೇ ಕೇಳಿ: ವೀರ್ಯವನ್ನು, ಅಂಡಾಣುವನ್ನು ಶೀತಲೀಕರಿಸಿ ಕಾದಿಡುವ ವ್ಯವಸ್ಥೆ ಇದೆ. ಚಿಕಿತ್ಸೆ ಶುರುವಾದ ಮೇಲೆ ಕೇಳಿದರೆ ತಡವಾಗಬಹುದು.

ಈಗ ಮನಸ್ಸಿನ ಮಾತು. ನಮ್ಮ ದೇಶದ ಹೆಂಗಸರಲ್ಲಿ ಹೆಚ್ಚು ಕಾಣುವುದು ಸ್ತನ ಕ್ಯಾನ್ಸರ್, ಗಂಡಸರಲ್ಲಿ ಬಾಯಿ ಕ್ಯಾನ್ಸರ್. ಎರಡೂ ಕನ್ನಡಿಯ ಮುಂದೆ ನಿಂತಾಗ ಕಾಣುವಂಥವು. ಆಕೆ ಬಚ್ಚಲಲ್ಲಿ ಕತ್ತಲು ಮಾಡಿಕೊಂಡು ಸ್ನಾನ ಮಾಡುತ್ತಾಳೆ. ಈತ ದವಡೆಯ ಆಪರೇಷನ್ ಆದಮೇಲೆ ಮಾತು ತೊದಲುತ್ತದೆಂದು, ಜೊಲ್ಲು ಸುರಿಯುತ್ತದೆಂದು ಮುಖ ತಿರುಗಿಸಿ ಕೂರುತ್ತಾನೆ. ಬೇಡ ಎನ್ನುವುದು ಸಂಗಾತಿಯನ್ನಲ್ಲ, ತನ್ನನ್ನೇ. ಇದನ್ನು ಬಾಯಿಬಿಟ್ಟು ಹೇಳದಿದ್ದರೆ ಎದುರಿನವರಿಗೆ ತಿಳಿಯುವುದು ಹೇಗೆ?

ದೇಹವೂ ಬದಲಾಗಿರುತ್ತದೆ. ಕೀಮೋದಿಂದ, ಹಾರ್ಮೋನ್ ಮಾತ್ರೆಗಳಿಂದ ಹೆಂಗಸರಿಗೆ ಮುಟ್ಟು ಬೇಗ ನಿಲ್ಲಬಹುದು. ಒಣಗಿದಂತಾಗಿ, ಕೂಡಿದಾಗ ನೋವಾಗಬಹುದು. ಕಿಬ್ಬೊಟ್ಟೆಗೆ ರೇಡಿಯೇಶನ್ ಆದರೆ ಯೋನಿ ಕಿರಿದಾಗಬಹುದು. ಅದಕ್ಕೆಂದೇ ಡೈಲೇಟರ್ ಎಂಬ ಸರಳ ಸಾಧನವಿದೆ, ನೀರಿನ ಅಂಶದ ಜೆಲ್ಲಿ ಇದೆ. ಕೊಬ್ಬರಿ ಎಣ್ಣೆ ಸಾಕು ಎನ್ನುವವರಿಗೆ ಒಂದು ಎಚ್ಚರಿಕೆ: ಎಣ್ಣೆ ತಗುಲಿದರೆ ರಬ್ಬರಿನ ಕಾಂಡೋಮ್ ಹರಿಯುತ್ತದೆ. ಸ್ತನ ಕ್ಯಾನ್ಸರ್ ಆದವರು ಹಾರ್ಮೋನ್ ಕ್ರೀಮನ್ನು ವೈದ್ಯರನ್ನು ಕೇಳದೆ ಹಚ್ಚಬಾರದು.

ಗಂಡಸರಿಗೆ ಪ್ರಾಸ್ಟೇಟ್ ಆಪರೇಷನ್ ಆದರೆ ನಿಮಿರುವಿಕೆ ಕುಂದಬಹುದು. ಅಮೆರಿಕದ ಡಾ. ಪ್ಯಾಟ್ರಿಕ್ ವಾಲ್ಶ್ 1982ರಲ್ಲಿ ಆ ನರಗಳನ್ನು ಉಳಿಸಿಕೊಂಡು ಆಪರೇಷನ್ ಮಾಡುವ ವಿಧಾನ ತೋರಿಸಿಕೊಟ್ಟರು. ಆದರೂ ಚೇತರಿಕೆಗೆ ಒಂದೆರಡು ವರ್ಷ ಬೇಕಾಗಬಹುದು. ಹಾರ್ಮೋನ್ ಚುಚ್ಚುಮದ್ದು ಪಡೆಯುವವರಿಗೆ ಆಸೆಯೇ ಇಂಗಿಹೋಗುತ್ತದೆ. ಅದು ಔಷಧದ ಕೆಲಸ. ಪ್ರೀತಿ ಬತ್ತಿದ್ದರ ಗುರುತಲ್ಲ. ನಿಮಿರುವಿಕೆಗೆ ಮಾತ್ರೆಗಳಿವೆ, ಆದರೆ ಹೃದಯಕ್ಕೆ ನೈಟ್ರೇಟ್ ಔಷಧ ತೆಗೆದುಕೊಳ್ಳುವವರಿಗೆ ಅವು ಅಪಾಯಕಾರಿ. ಸ್ನೇಹಿತರ ಮಾತು ಕೇಳಿ ಅಂಗಡಿಯಿಂದ ತರಬೇಡಿ.

ಹೊಟ್ಟೆಗೆ ಚೀಲ ಕಟ್ಟಿಕೊಂಡವರೂ ಸಂಸಾರ ಮಾಡುತ್ತಾರೆ. ಮೊದಲೇ ಚೀಲ ಖಾಲಿ ಮಾಡಿ, ಮೇಲೊಂದು ಬಟ್ಟೆ ಸುತ್ತಿಕೊಂಡರೆ ಆಯಿತು.

ಎಲ್ಲಕ್ಕಿಂತ ಮೊದಲು ಬೇಕಾದದ್ದು ಸ್ಪರ್ಶ, ಮುಂದಿನ ಯಾವ ಒತ್ತಾಯವೂ ಇಲ್ಲದ ಸ್ಪರ್ಶ. ಕೈ ಹಿಡಿದರೆ ಮುಂದೇನೋ ಆಗಲೇಬೇಕು ಎಂಬ ಭಯಕ್ಕೇ ಎಷ್ಟೋ ಜನ ಕೈ ಹಿಡಿಯುವುದನ್ನೂ ಬಿಟ್ಟಿದ್ದಾರೆ. "ಇವತ್ತು ಬರೀ ಪಕ್ಕದಲ್ಲಿ ಮಲಗೋಣ" ಎಂದು ಬಾಯಿಬಿಟ್ಟು ಒಪ್ಪಂದ ಮಾಡಿಕೊಳ್ಳಿ. ಹೊಸದಾಗಿ ಮೊಳೆತ ಕೂದಲಿಗೆ ಎಣ್ಣೆ ಹಚ್ಚಿ, ಕಾಲು ನೀವಿ. "ಇಲ್ಲಿ ಮುಟ್ಟಿದರೆ ನೋವು, ಇಲ್ಲಿ ಹಿತ" ಎಂದು ಹೇಳಿ, ಕೇಳಿ. ದಿನವಿಡೀ ಗಾಯ ತೊಳೆದು ಮಾತ್ರೆ ಕೊಟ್ಟು ಗಂಡ ನರ್ಸ್ ಆಗಿರುತ್ತಾನೆ, ಹೆಂಡತಿ ಪೇಷಂಟ್ ಆಗಿರುತ್ತಾಳೆ. ದಿನಕ್ಕೆ ಅರ್ಧ ಗಂಟೆ ಔಷಧದ ಸುದ್ದಿ ಎತ್ತದೆ ಗಂಡ ಹೆಂಡತಿಯಾಗಿರಿ.

ಒಂದು ಖೋಲಿಯಲ್ಲಿ ಆರು ಜನ ಇರುವಾಗ ಏಕಾಂತ ಎಲ್ಲಿಂದ ತರುವುದು ಎಂದು ನೀವು ಕೇಳಬಹುದು. ಈ ಊರಿನ ನಿಜವಾದ ಕಷ್ಟ ಅದು. ಅತ್ತೆಯವರೇ, ಅಕ್ಕಂದಿರೇ, ನಿಮಗೊಂದು ವಿನಂತಿ. ನೀವು ಮಕ್ಕಳನ್ನು ಕರೆದುಕೊಂಡು ಭಾನುವಾರ ಎರಡು ಗಂಟೆ ಹೊರಗೆ ಹೋಗಿಬನ್ನಿ. ಹಣ್ಣು, ಹಾರ್ಲಿಕ್ಸ್ ತಂದುಕೊಡುವುದಕ್ಕಿಂತ ದೊಡ್ಡ ಉಪಕಾರ ಅದು.

ಡಾಕ್ಟರನ್ನು ಹೇಗೆ ಕೇಳುವುದು? 1941ರಲ್ಲಿ ಪರೇಲಿನಲ್ಲಿ ಟಾಟಾ ಆಸ್ಪತ್ರೆ ಶುರುವಾದಾಗಿನಿಂದ ನಮ್ಮ ಜನ ಕ್ಯಾನ್ಸರ್ ಎಂದರೆ ಮುಂಬಯಿಗೆ ಬರುತ್ತಲೇ ಇದ್ದಾರೆ. ಅಂಥ ದೊಡ್ಡ ಆಸ್ಪತ್ರೆಗಳ ಓಪಿಡಿಯ ನೂಕುನುಗ್ಗಲಲ್ಲಿ, ಬೇರೆ ಭಾಷೆಯಲ್ಲಿ, ಹಿಂದೆ ಹತ್ತು ಜನ ನಿಂತಿರುವಾಗ ಈ ಮಾತು ಬಾಯಿಗೆ ಬರುವುದಿಲ್ಲ. ಅದಕ್ಕೇ ಚೀಟಿಯಲ್ಲಿ ಬರೆದುಕೊಂಡು ಹೋಗಿ: "ನಾವು ಯಾವಾಗಿನಿಂದ ಕೂಡಬಹುದು? ನೋವಾದರೆ ಏನು ಮಾಡಬೇಕು?" ಹಿಂದಿ ಬಾರದಿದ್ದರೆ ಬಲ್ಲವರಿಂದ ಬರೆಸಿ. ಫೈಲಿನ ಮೇಲೆ ಆ ಚೀಟಿ ಇಡಿ. ವೈದ್ಯರಿಗೆ ಸಮಯವಿಲ್ಲದಿದ್ದರೆ ನರ್ಸನ್ನು, ಸಮಾಜ ಕಾರ್ಯಕರ್ತೆಯನ್ನು ಕೇಳಿ. ಅವರಿಗೆ ಈ ಪ್ರಶ್ನೆ ಹೊಸದಲ್ಲ, ನಾಚಿಕೆಯದೂ ಅಲ್ಲ.

ಮೊನ್ನೆ ಆ ಮನೆಯಿಂದ ಮತ್ತೆ ಫೋನ್ ಬಂದಿತ್ತು. ಎಲ್ಲ ಸರಿಹೋಗಿದೆಯೇ ಎಂದು ಕೇಳಿದೆ. "ಎಲ್ಲಾ ಎಲ್ಲಿ ಸರಿ ಹೋಗತೈತ್ರಿ" ಎಂದರು ಆ ತಾಯಿ. "ಒಂದೊಂದು ದಿನ ಅಳು ಬರತೈತಿ. ಆದರ ಈಗ ಅವ್ರ ಬಾಜೂಕ ಇರತಾರ, ಕೇಳತಾರ." ಚಾಪೆ ಏನಾಯಿತು ಎಂದೆ. ನಕ್ಕು, "ಅದರ ಮ್ಯಾಲ ಹಪ್ಪಳ ಒಣಗಿಸೀನ್ರಿ" ಎಂದರು.

ಇವತ್ತು ರಾತ್ರಿ ನಿಮ್ಮ ಮನೆಯಲ್ಲೂ ಅಂಥದೊಂದು ಪ್ರಶ್ನೆ ಉಳಿದಿದ್ದರೆ, ದಯವಿಟ್ಟು ಕೇಳಿಬಿಡಿ.