ಹಿಡಿ ಅಕ್ಕಿಯ ಧರ್ಮಪ್ರಾಂತ್ಯ

(ನಮ್ಮ ದೇವಾಲಯದ ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಸಭೆಯಲ್ಲಿ ಮಾಡಿದ ಭಾಷಣ)



ನೂರು ವರ್ಷ ತುಂಬಿದ ದೇವಾಲಯದ ಉತ್ಸವದಲ್ಲಿ ಮಾತನಾಡುವವನು ಆ ದೇವಾಲಯದ ಕಥೆಯನ್ನೇ ಹೇಳಬೇಕೆಂಬುದು ವಾಡಿಕೆ. ಆ ಕಥೆಯನ್ನು ನನಗಿಂತ ಚೆನ್ನಾಗಿ ಬಲ್ಲ ಹಿರಿಯರು ಎದುರಿನ ಸಾಲಿನಲ್ಲಿಯೇ ಕುಳಿತಿದ್ದಾರೆ. ಗುರುಗಳು ನನಗೆ ಕೊಟ್ಟ ವಿಷಯ ಬೇರೆ: ವಿಚಾರಣೆಯ ಒಟ್ಟುಬಾಳು ಮತ್ತು ನೆರೆಹೊರೆಯವರ ಸೇವೆ. ಇದಕ್ಕೆ ನಿದರ್ಶನವಾಗಿ ನಾನು ಆರಿಸಿಕೊಂಡಿರುವುದು ನಮ್ಮ ಕಥೋಲಿಕ ಧರ್ಮಸಭೆಗೆ ಸೇರದ, ಆಂಗ್ಲಿಕನ್ ಸಭೆಯ ಒಂದು ಧರ್ಮಪ್ರಾಂತ್ಯವನ್ನು. ಯಾರಾದರೂ ಹುಬ್ಬೇರಿಸುವುದಾದರೆ, ಬೇರ್ಪಟ್ಟ ಸಹೋದರರಲ್ಲಿ ಕಾಣುವ ಒಳಿತನ್ನು ಸಂತೋಷದಿಂದ ಗುರುತಿಸಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯೇ 1964ರಲ್ಲಿ ನಮಗೆ ಬೋಧಿಸಿದೆ ಎಂಬುದನ್ನು ಮಾತ್ರ ನೆನಪಿಸುತ್ತೇನೆ.

ಕಾಜಿಪೇಟೆಯಿಂದ ವಿಜಯವಾಡಕ್ಕೆ ಹೋಗುವ ರೈಲುದಾರಿಯಲ್ಲಿ ಡೋರ್ನಕಲ್ ಎಂಬ ಜಂಕ್ಷನ್ ಸಿಗುತ್ತದೆ. ಈಗ ಅದು ತೆಲಂಗಾಣದ ಮಹಬೂಬಾಬಾದ್ ಜಿಲ್ಲೆಗೆ ಸೇರಿದೆ. ಆಗ ಅದು ಹೈದರಾಬಾದಿನ ನಿಜಾಮರ ಸೀಮೆ. 1912ರ ಡಿಸೆಂಬರ್ 29ರಂದು ಕಲ್ಕತ್ತೆಯ ಸಂತ ಪೌಲರ ಪ್ರಧಾನಾಲಯದಲ್ಲಿ ವೇದನಾಯಗಂ ಸ್ಯಾಮುಯೆಲ್ ಅಜರಯ್ಯ ಎಂಬ 38 ವರ್ಷ ವಯಸ್ಸಿನ ತಮಿಳರು ಡೋರ್ನಕಲ್ಲಿನ ಧರ್ಮಾಧ್ಯಕ್ಷರಾಗಿ ಅಭಿಷಿಕ್ತರಾದರು. ಆಂಗ್ಲಿಕನ್ ಸಭೆಯಲ್ಲಿ ಆ ಪದವಿಗೇರಿದ ಮೊದಲ ಭಾರತೀಯರು ಅವರೇ. ಭಾರತೀಯನ ಕೈಕೆಳಗೆ ಆಂಗ್ಲರು ಇರುವುದುಂಟೇ ಎಂದು ಆಂಗ್ಲರಲ್ಲಿ ಕೆಲವರು ಆಕ್ಷೇಪಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಅವರ ಸ್ವಂತ ಸೀಮೆಯ ಕ್ರೈಸ್ತರಲ್ಲಿಯೂ ಕೆಲವರು ವಿರೋಧಿಸಿದರೆಂಬುದು ಮಾತ್ರ ಮನಸ್ಸನ್ನು ಚುಚ್ಚುತ್ತದೆ.

ಅವರು ಹುಟ್ಟಿದ್ದು 1874ರಲ್ಲಿ, ತಿರುನೆಲ್ವೇಲಿ ಸೀಮೆಯ ವೆಳ್ಳಾಳನ್‌ವಿಳೈ ಎಂಬ ಹಳ್ಳಿಯಲ್ಲಿ, ಬಡ ಹಳ್ಳಿಪಾದ್ರಿಯೊಬ್ಬರ ಮನೆಯಲ್ಲಿ. ಅದೇ ಸೀಮೆಯ ಕಡಲತೀರದ ತೂತ್ತುಕುಡಿಗೆ 1923ರಲ್ಲಿ ಯೇಸುಸಭೆಯ ಟಿಬೂರ್ಷಿಯಸ್ ರೋಚ್ ಸ್ವಾಮಿಗಳು ಧರ್ಮಾಧ್ಯಕ್ಷರಾದರು. ಆಧುನಿಕ ಕಾಲದಲ್ಲಿ ಲತೀನ್ ವಿಧಿಯ ಮೊದಲ ಭಾರತೀಯ ಧರ್ಮಾಧ್ಯಕ್ಷರೆಂದು ನಾವು ಗೌರವಿಸುವುದು ಅವರನ್ನೇ. ಒಂದೇ ಸೀಮೆಯಲ್ಲಿ ಎರಡು ಸಭೆಗಳ ಇತಿಹಾಸ ಹೀಗೆ ಅಕ್ಕಪಕ್ಕ ನಡೆದಿದೆ.

1902ರಲ್ಲಿ ಅಜರಯ್ಯನವರು ಯಾಳ್ಪಾಣಕ್ಕೆ, ಎಂದರೆ ಜಾಫ್ನಾಕ್ಕೆ ಹೋಗಿದ್ದರು. ಅಲ್ಲಿನ ತಮಿಳು ಕ್ರೈಸ್ತರು ತಮ್ಮದೇ ಹಣದಿಂದ ಧರ್ಮಪ್ರಚಾರಕರನ್ನು ಕಳುಹಿಸುತ್ತಿದ್ದುದನ್ನು ಕಂಡು ಅವರಿಗೆ ನಾಚಿಕೆಯಾಯಿತು. ತಿರುನೆಲ್ವೇಲಿಯ ಕ್ರೈಸ್ತರು ಅಷ್ಟು ತಲೆಮಾರುಗಳಿಂದ ಪರದೇಶದವರ ಕೊಡುಗೆಯನ್ನು ಪಡೆಯುತ್ತಿದ್ದರು. ತಾವಾಗಿ ಯಾರಿಗೂ ಏನನ್ನೂ ಕಳುಹಿಸಿರಲಿಲ್ಲ. ಮರುವರ್ಷ, 1903ರ ಫೆಬ್ರವರಿಯಲ್ಲಿ, ಅವರೂ ಅವರ ಮಿತ್ರರೂ ಭಾರತೀಯರ ಹಣ, ಭಾರತೀಯರ ಕೈ, ಭಾರತೀಯರ ಆಡಳಿತ ಎಂಬ ನಿಯಮದ ಮೇಲೆ ಒಂದು ಸಂಸ್ಥೆಯನ್ನು ಕಟ್ಟಿದರು. ಅದು ಆರಿಸಿಕೊಂಡ ಕ್ಷೇತ್ರವೇ ಡೋರ್ನಕಲ್ಲಿನ ಸುತ್ತಲಿನ ತೆಲುಗು ನಾಡು. 1909ರಲ್ಲಿ ಗುರುದೀಕ್ಷೆ ಪಡೆದು ಅವರೇ ಅಲ್ಲಿಗೆ ಹೋದರು. ಮೂವತ್ತು ದಾಟಿದ ಮೇಲೆ ತೆಲುಗು ಕಲಿತರು. 1910ರಲ್ಲಿ ಎಡಿನ್‌ಬರೋ ನಗರದ ವಿಶ್ವಸಮ್ಮೇಳನದಲ್ಲಿ, ಪರದೇಶದ ಪ್ರಚಾರಕರು ತಮ್ಮ ಸರ್ವಸ್ವವನ್ನೂ ಕೊಟ್ಟರಾದರೂ ಸ್ನೇಹವನ್ನು ಕೊಡಲಿಲ್ಲವೆಂದು ಎಲ್ಲರೆದುರಿಗೆ ನುಡಿದವರೂ ಅವರೇ.

ಆ ಸೀಮೆಯಲ್ಲಿ ಅವರ ಸಭೆಯನ್ನು ಸೇರಿದವರು ಯಾರು? ಬಹುಮಟ್ಟಿಗೆ ಮಾಲರು ಮತ್ತು ಮಾದಿಗರು. ಊರ ಹೊರಗಿನ ಕೇರಿಯಲ್ಲಿದ್ದು ಒಡೆಯರ ಹೊಲದಲ್ಲಿ ದುಡಿಯುವವರು, ಸಾಲಕ್ಕೆ ಸಿಕ್ಕಿದವರು, ಅಕ್ಷರ ಕಾಣದವರು, ಊರ ಬಾವಿಯ ನೀರಿಗೆ ಬಾಧ್ಯತೆಯಿಲ್ಲದವರು. ಇಂಥವರ ನಡುವೆ ಧರ್ಮಾಧ್ಯಕ್ಷರೊಬ್ಬರು ಏನು ಮಾಡಬೇಕು? ಶಾಲೆ, ಔಷಧಾಲಯ, ಸಹಕಾರ ಸಂಘ, ಮುದ್ರಣಾಲಯ, ಇವೆಲ್ಲವೂ ಅಲ್ಲಿ ಹುಟ್ಟಿಕೊಂಡವು. ಆದರೆ ಅದಷ್ಟೇ ಆಗಿದ್ದರೆ ನಾನು ಈ ಕಥೆಯನ್ನು ತಮ್ಮ ಮುಂದೆ ತರುತ್ತಿರಲಿಲ್ಲ. ಅಜರಯ್ಯನವರು ಆ ಬಡವರಿಗೆ ಕೊಡುವುದರ ಜೊತೆಗೆ ಅವರಿಂದ ಕೇಳಿದರು.

ಜ್ಞಾನಸ್ನಾನ ಪಡೆದವನು ತನ್ನ ಕೈಯನ್ನು ತನ್ನ ತಲೆಯ ಮೇಲೆ ತಾನೇ ಇಟ್ಟುಕೊಂಡು, ಶುಭಸಂದೇಶವನ್ನು ಸಾರದೆ ಹೋದರೆ ತನ್ನ ಗತಿಯೇನು ಎಂಬರ್ಥದ ಮಾತನ್ನು ಎಲ್ಲರೆದುರಿಗೆ ಹೇಳಬೇಕಾಗಿತ್ತು. ಓದುಬರಹ ಬಾರದ ಕೂಲಿಯಾಳಿಗೂ ವಿನಾಯಿತಿ ಇರಲಿಲ್ಲ. ವರ್ಷಕ್ಕೊಮ್ಮೆ ಸಾಕ್ಷಿಯ ವಾರವೆಂದು ಗೊತ್ತುಮಾಡಿ, ಹಳ್ಳಿಹಳ್ಳಿಯ ಸಭೆಗಳು ನೆರೆಯ ಹಳ್ಳಿಗಳಿಗೆ ಹಾಡುತ್ತ ಹೋಗುತ್ತಿದ್ದವು. ಮನೆಯ ಹೆಂಗಸರು ಒಲೆಗೆ ಎಸರಿಟ್ಟಾಗ ಒಂದು ಹಿಡಿ ಅಕ್ಕಿಯನ್ನು ಬೇರೆ ತೆಗೆದಿಡುತ್ತಿದ್ದರು. ಸುಗ್ಗಿಯಲ್ಲಿ ಕಾಳು, ಕೋಳಿ, ಮೊಟ್ಟೆ, ತರಕಾರಿ ಕಾಣಿಕೆಯಾಗಿ ಬರುತ್ತಿದ್ದವು. ತೆನೆ ಹಬ್ಬವನ್ನು ಆಚರಿಸುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಹಸಿದವನ ತಟ್ಟೆಯಿಂದ ತೆಗೆಯುವುದು ಕ್ರೌರ್ಯವಲ್ಲವೇ? ಈ ಪ್ರಶ್ನೆ ನನ್ನನ್ನು ಬಹುಕಾಲ ಕಾಡಿತು. ಅಜರಯ್ಯನವರು ಇದನ್ನು ಅರಿಯದವರಲ್ಲ. ಕ್ರೈಸ್ತನ ಕಾಣಿಕೆಯ ವಿಷಯವಾಗಿ ಅವರು ಒಂದು ಪುಸ್ತಕವನ್ನೇ ಬರೆದಿದ್ದಾರೆ. ತಲೆಮಾರುಗಳಿಂದ ಕೈಯೊಡ್ಡುವುದನ್ನಷ್ಟೇ ಕಲಿತವನಿಗೆ ಇನ್ನೊಮ್ಮೆ ಕೈಯೊಡ್ಡಿಸಿದರೆ ಒಡೆಯ ಬದಲಾಗುತ್ತಾನೆಯೇ ಹೊರತು ಆಳು ಆಳಾಗಿಯೇ ಉಳಿಯುತ್ತಾನೆ. ಆ ಹಿಡಿ ಅಕ್ಕಿಯಿಂದ ಸಭೆಗೆ ಬಂದ ಹಣ ಅಲ್ಪವೇ ಇದ್ದೀತು. ವಿದೇಶದ ಸಂಸ್ಥೆಗಳ ನೆರವು ಅವರ ಕಾಲದಲ್ಲಿ ನಿಲ್ಲಲಿಲ್ಲವೆಂಬುದನ್ನೂ ಮುಚ್ಚಿಡಬೇಕಾಗಿಲ್ಲ. ಆದರೂ ಅದನ್ನು ತೆಗೆದಿಟ್ಟ ತಾಯಿ ಆ ದಿನ ಕೊಟ್ಟವಳಾದಳು.

ಫಲವೇನಾಯಿತು? 1924ರಲ್ಲಿ ಆ ಧರ್ಮಪ್ರಾಂತ್ಯದಲ್ಲಿ ಭಾರತೀಯ ಗುರುಗಳು 53 ಮಂದಿ, ಆಂಗ್ಲರು 8 ಮಂದಿ. 1935ರ ಹೊತ್ತಿಗೆ ಭಾರತೀಯ ಗುರುಗಳೇ 250, ಹಳ್ಳಿಯ ಉಪದೇಶಿ ಉಪಾಧ್ಯಾಯರು 2000ಕ್ಕೂ ಹೆಚ್ಚು. ಸಂಖ್ಯೆಗಿಂತ ನನಗೆ ಹಿರಿದಾಗಿ ಕಾಣುವುದು ಇನ್ನೊಂದು. ಕೇರಿಯವರು ಕುಡಿತ ಬಿಟ್ಟು ಮಕ್ಕಳನ್ನು ಶಾಲೆಗೆ ಕಳುಹಿಸುವುದನ್ನು ಕಂಡು, ಅವರನ್ನು ಆಳಾಗಿ ದುಡಿಸುತ್ತಿದ್ದ ಜಾತಿಗಳ ರೈತರೂ 1930ರ ಆಸುಪಾಸಿನಲ್ಲಿ ವಿಚಾರಿಸಿಕೊಂಡು ಬರತೊಡಗಿದರು. ಒಡೆಯನಿಗೆ ಆಳು ಉಪದೇಶಿಯಾದ.

ಎಲ್ಲವೂ ನೆಟ್ಟಗಾಯಿತೆಂದು ಹೇಳಿದರೆ ಸುಳ್ಳಾದೀತು. ಮಾಲರೂ ಮಾದಿಗರೂ ಪರಸ್ಪರ ನೀರು ಮುಟ್ಟದವರು. ಅವರನ್ನು ಒಂದೇ ಪಾತ್ರೆಯಿಂದ ಪ್ರಭುವಿನ ಪ್ರಸಾದಕ್ಕೆ ತರಲು ಅಜರಯ್ಯನವರು ಬಾಳೆಲ್ಲ ಹೆಣಗಿದರು. ಮಾಲರದೇ ಮೇಲುಗೈ ಎಂಬ ಮಾದಿಗರ ದೂರು ಕೊನೆಗೂ ಪೂರ್ತಿ ಅಡಗಲಿಲ್ಲ. ಇದನ್ನು ಕೇಳಿ ನಾವು ತಲೆಯಾಡಿಸುವ ಮೊದಲು ನಮ್ಮದೇ ವಡಕ್ಕನ್‌ಕುಳಂ ದೇವಾಲಯವನ್ನು ನೆನೆಯಬೇಕು. ಒಂದೇ ಬಲಿಪೀಠದ ಎದುರು ಎರಡು ಜಾತಿಗಳಿಗೆ ಎರಡು ಅಂಕಣಗಳನ್ನು ಕಟ್ಟಿದ್ದ ಆ ಕಥೋಲಿಕ ದೇವಾಲಯದ ಅಡ್ಡಗೋಡೆ ಉರುಳಿದ್ದು 1910ರಲ್ಲಿ. ಅದೂ ಅದೇ ತಿರುನೆಲ್ವೇಲಿ ಸೀಮೆ.

ಡೋರ್ನಕಲ್ಲಿನ ಪ್ರಧಾನಾಲಯ 1939ರ ಜನವರಿ 6ರಂದು, ಮೂರು ರಾಯರ ಹಬ್ಬದ ದಿನ, ಪ್ರತಿಷ್ಠಿತವಾಯಿತು. ಅದರ ಗುಮ್ಮಟಗಳಲ್ಲಿ ಮಸೀದಿಯ ನೆನಪೂ ಕಂಬಗಳಲ್ಲಿ ದಕ್ಷಿಣದ ದೇಗುಲದ ನೆನಪೂ ಇವೆ. 1945ರ ಜನವರಿ 1ರಂದು ಅಜರಯ್ಯನವರು ತೀರಿಕೊಂಡರು. ಅವರು ಬಯಸಿದ್ದ ಐಕ್ಯ 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆಯಾಗಿ ಕೈಗೂಡಿತು. ನಮ್ಮ ಕರ್ನಾಟಕದಲ್ಲಿ ಸಿ.ಎಸ್.ಐ. ಎಂದು ನಾವು ಕರೆಯುವ ನೆರೆಯವರು ಆ ಸಭೆಯವರೇ. ಡೋರ್ನಕಲ್ ಇಂದಿಗೂ ಅದರ ಒಂದು ಧರ್ಮಪ್ರಾಂತ್ಯ.

ಇನ್ನು ನನ್ನದೊಂದು ತಪ್ಪೊಪ್ಪಿಗೆ. ನಮ್ಮ ವಿಚಾರಣೆಯ ಬಡವರ ಸಹಾಯದ ಪಟ್ಟಿಯನ್ನು ಬರೆದಿಡುವ ಕೆಲಸ ಹಲವು ವರ್ಷಗಳಿಂದ ನನ್ನದು. ಒಂದು ವರ್ಷ ಹಬ್ಬದ ಹಿಂದಿನ ಸಂಜೆ ಆ ಪಟ್ಟಿಯಲ್ಲಿದ್ದ ವಿಧವೆಯೊಬ್ಬರು ಬಲಿಪೀಠಕ್ಕೆಂದು ನಾಲ್ಕು ಮೊಳ ಮಲ್ಲಿಗೆ ತಂದರು. ನಾನು ದೊಡ್ಡ ಮನಸ್ಸಿನವನಂತೆ, ‘ಯಾಕಮ್ಮ ಈ ಖರ್ಚು? ನಿಮಗೇ ಕಷ್ಟ, ಮನೆಗೆ ತೆಗೆದುಕೊಂಡು ಹೋಗಿ’ ಎಂದೆ. ಅವರು ಮಾತಾಡದೆ ಹೂವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟುಹೋದರು. ಉಪಕಾರ ಮಾಡಿದೆನೆಂದೇ ನಾನು ತಿಳಿದಿದ್ದೆ. ಡೋರ್ನಕಲ್ಲಿನ ಕಥೆಯನ್ನು ಓದಿದ ಮೇಲೆ ಆ ಮುಖ ಮರಳಿ ಮರಳಿ ಕಣ್ಣೆದುರು ಬರುತ್ತದೆ.

ಈ ಶತಮಾನೋತ್ಸವದ ನಿಧಿಗೆ ನಾವು ಮನೆಮನೆಗೂ ಹೋದೆವೆಂದು ಕಾರ್ಯದರ್ಶಿಗಳು ಈಗತಾನೇ ವರದಿ ಓದಿದರು. ಎಲ್ಲ ಮನೆಗೂ ಹೋಗಲಿಲ್ಲ. ಸಹಾಯ ಪಡೆಯುವ ಹನ್ನೊಂದು ಮನೆಗಳನ್ನು ಬಿಟ್ಟೆವು, ಬಿಡಿಸಿದವನು ನಾನು. ನಾಳೆ ಸಂಜೆ ಜಪಸರದ ನಂತರ ರಸೀತಿ ಪುಸ್ತಕ ಹಿಡಿದು ಆ ಮನೆಗಳಿಗೆ ಹೋಗಬೇಕೆಂದಿದ್ದೇನೆ. ಜೊತೆಗೆ ಬರಲು ಇಷ್ಟವಿರುವವರು ದೇವಾಲಯದ ಬಾಗಿಲ ಬಳಿ ನಿಲ್ಲಬಹುದು.